ಇಯಾಗೋನಿಗೆ ಏನು ಬೇಕಾಗಿತ್ತು?

ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. 1979ರಲ್ಲಿ ನನ್ನ ಹತ್ತನೆಯ ತರಗತಿಯಲ್ಲಿ ಕಿಟಕಿಯ ಪಕ್ಕ ಕುಳಿತು ಓದಿದವಳು. ಈಗ ಅವಳೂ ಅಜ್ಜಿಯಾಗಿದ್ದಾಳೆ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ವಿಷಯಕ್ಕೆ ಬಂದಳು.

"ಸಾರ್, ನನ್ನ ಮೊಮ್ಮಗಳು ಬಿ.ಎ. ಓದ್ತಿದಾಳೆ, ಇಂಗ್ಲಿಷ್ ಸಾಹಿತ್ಯ ತಗೊಂಡಿದಾಳೆ. ಒಥೆಲೋ ನಾಟಕ ಇದೆಯಂತೆ. ಇಯಾಗೋ ಯಾಕೆ ಹಾಗೆ ಮಾಡಿದ ಅಂತ ಹತ್ತು ಅಂಕದ ಪ್ರಶ್ನೆ ಗ್ಯಾರಂಟಿ ಬರುತ್ತಂತೆ. ನೀವು ನಮಗೆ ಆ ಕಥೆ ಹೇಳಿದ್ದು ನನಗೆ ಇನ್ನೂ ನೆನಪಿದೆ. ಅವಳಿಗೊಂದು ಸ್ವಲ್ಪ ಹೇಳಿಕೊಡಿ ಸಾರ್."

ಹುಡುಗಿ ಫೋನು ತೆಗೆದುಕೊಂಡಳು. ನಾನು ಮೇಷ್ಟ್ರ ಧಾಟಿಯಲ್ಲಿ ನಾಲ್ಕು ಅಂಶಗಳನ್ನು ಬರೆಸಿದೆ. ಒಂದು, ಇಯಾಗೋನಿಗೆ ಸಿಗಬೇಕಾಗಿದ್ದ ಬಡ್ತಿ ಕ್ಯಾಸಿಯೋನಿಗೆ ಸಿಕ್ಕಿತು. ಎರಡು, ಒಥೆಲೋ ತನ್ನ ಹೆಂಡತಿಯೊಡನೆ ಸಂಬಂಧ ಇಟ್ಟುಕೊಂಡಿದ್ದಾನೆಂಬ ಗುಮಾನಿ. ಮೂರು, ಒಥೆಲೋನ ಬಣ್ಣವನ್ನೂ ಮೂಲವನ್ನೂ ಕುರಿತ ತಿರಸ್ಕಾರ. ನಾಲ್ಕು, ಇವು ಯಾವುವೂ ಸಾಲದೆ ಅವನು ನೆಪಗಳನ್ನು ಹುಡುಕುತ್ತಿದ್ದಾನೆ, ಅವನ ಕೇಡಿಗೆ ಕಾರಣವೇ ಇಲ್ಲ ಎಂಬ ಕೋಲ್‌ರಿಜ್‌ನ ಅಭಿಪ್ರಾಯ. ಹುಡುಗಿ "ಥ್ಯಾಂಕ್ಯೂ ತಾತ" ಎಂದಳು. ಮತ್ತೆ ಅಜ್ಜಿ ಫೋನು ತೆಗೆದುಕೊಂಡು ಹಳೆಯದನ್ನೆಲ್ಲ ನೆನೆಯುತ್ತ, "ಆ ವರ್ಷ ವಾರ್ಷಿಕೋತ್ಸವದಲ್ಲಿ ನಾನು ಚಂದ್ರಮತಿ ಆಗಿದ್ದೆ ಅಲ್ವಾ ಸಾರ್. ನಾಟಕದ ಮೇಷ್ಟ್ರು ಅರ್ಧದಲ್ಲೇ ಕೈ ಬಿಟ್ಟರು. ನೀವು ಇಲ್ಲದಿದ್ದರೆ ಆ ನಾಟಕ ನಿಂತೇ ಹೋಗ್ತಿತ್ತು" ಎಂದಳು.

ನಾನು "ಹ್ಞೂಂ" ಎಂದೆ. ಅಂದು ರಾತ್ರಿ ನಿದ್ರೆ ಬರಲಿಲ್ಲ. ನಾನು ಬರೆಸಿದ ನಾಲ್ಕು ಅಂಶಗಳು ಪರೀಕ್ಷೆಗೆ ಸಾಕು. ಆದರೆ ಆ ಪ್ರಶ್ನೆಗೆ ಐದನೆಯ ಉತ್ತರವೊಂದು ನನಗೆ ನಲವತ್ತೈದು ವರ್ಷಗಳಿಂದ ಗೊತ್ತು. ಈ ಪುಟವನ್ನು ಓದುವವರಲ್ಲಿ ಬಹುಪಾಲು ಜನ ನನ್ನ ಕೈಯಲ್ಲಿ ಓದಿದವರು, ಉಳಿದವರು ನನ್ನ ಬಂಧುಗಳು. ಆದ್ದರಿಂದ ನಿಮಗೇ ಹೇಳಬೇಕಾಗಿದೆ.

ಮೊದಲು ನಾಟಕದ ವಿಷಯ. ಬಿಡುವಿನ ಪೀರಿಯಡ್ಡುಗಳಲ್ಲಿ ನಾನು ನಿಮಗೆ ಹೇಳುತ್ತಿದ್ದ ಷೇಕ್ಸ್‌ಪಿಯರ್ ಕಥೆಗಳು ಲ್ಯಾಂಬ್ ಅಕ್ಕ-ತಮ್ಮಂದಿರು ಮಕ್ಕಳಿಗಾಗಿ ಬರೆದು 1807ರಲ್ಲಿ ಪ್ರಕಟಿಸಿದ ಪುಸ್ತಕದವು. ದುರಂತ ನಾಟಕಗಳ ಕಥೆಗಳನ್ನು ಬರೆದವನು ತಮ್ಮನಾದ ಚಾರ್ಲ್ಸ್. ಒಥೆಲೋ ಕಥೆಯನ್ನು ಹೇಳುವಾಗ ನಾನು ಇಂಗ್ಲಿಷಿನ ಆ ಒಂದು ಪದಕ್ಕೆ ಹೊಟ್ಟೆಕಿಚ್ಚು ಎಂದು ಅರ್ಥ ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಹೊಟ್ಟೆಕಿಚ್ಚು ಯಾರದು? ಒಥೆಲೋದಾ, ಇಯಾಗೋದಾ?" ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕು ಅವನನ್ನು ಕೂರಿಸಿದೆ. ಪ್ರಶ್ನೆ ಮಾತ್ರ ಬಹಳ ಒಳ್ಳೆಯದಾಗಿತ್ತು. ಅವನು ಈಗ ಇದನ್ನು ಓದುತ್ತಿದ್ದರೆ, ಅಂದು ನಕ್ಕಿದ್ದಕ್ಕೆ ಕ್ಷಮಿಸಲಿ.

ನಮ್ಮ ಭಾಷೆಯಲ್ಲಿ ಇವು ಎರಡು ಬೇರೆ ಬೇರೆ ಬೇನೆಗಳು. ತನ್ನಲ್ಲಿರುವುದು ಕೈತಪ್ಪಿ ಹೋದೀತೆಂದು ಬೇಯುವುದು ಶಂಕೆ. ಇನ್ನೊಬ್ಬನಲ್ಲಿ ಇರುವುದನ್ನು ಕಂಡು ಬೇಯುವುದು ಅಸೂಯೆ, ಮತ್ಸರ, ಕರುಬು. ಒಥೆಲೋನದು ಶಂಕೆ, ಇಯಾಗೋನದು ಅಸೂಯೆ. ಭರತಮುನಿ ನಾಟ್ಯಶಾಸ್ತ್ರದಲ್ಲಿ ಎಣಿಸಿರುವ ಮೂವತ್ತಮೂರು ವ್ಯಭಿಚಾರಿ ಭಾವಗಳ ಪಟ್ಟಿಯಲ್ಲಿ ಶಂಕೆಯೂ ಅಸೂಯೆಯೂ ಅಕ್ಕಪಕ್ಕದಲ್ಲೇ ನಿಂತಿವೆ. ಈ ಎರಡು ಮನೆಗಳ ನಡುವೆ ಬಾಗಿಲು ಇರುವುದು ಅವನಿಗೆ ತಿಳಿದಿತ್ತೋ ಏನೋ. ಅವನ ಲೆಕ್ಕದಲ್ಲಿ ಇವು ಸ್ಥಾಯಿಯಲ್ಲ, ಕಡಲ ಮೇಲೆ ಎದ್ದು ಅಡಗುವ ಅಲೆಗಳು. ಷೇಕ್ಸ್‌ಪಿಯರ್ ಆ ಅಲೆಯನ್ನು ಅಡಗಲು ಬಿಡದೆ ಐದು ಅಂಕಗಳ ಉದ್ದಕ್ಕೂ ಎತ್ತಿ ಹಿಡಿದ.

ಅಸೂಯೆಗೆ ಅಮರಕೋಶ ಕೊಡುವ ಅರ್ಥವನ್ನು ನೋಡಿ ನಾನು ಒಮ್ಮೆ ಬೆಚ್ಚಿದ್ದೆ. ಪರರ ಸಿರಿಯನ್ನು ನೋಡಿ ಸಂಕಟಪಡುವುದು ಎಂದು ಅದು ಹೇಳುವುದಿಲ್ಲ. ಗುಣವಿದ್ದ ಕಡೆಯಲ್ಲೂ ದೋಷವನ್ನು ಹೊರಿಸುವುದು ಎನ್ನುತ್ತದೆ. ಅಂದರೆ ಅದು ಬರಿಯ ಭಾವವಲ್ಲ, ಒಂದು ಕೆಲಸ. ಇಯಾಗೋ ಮಾಡುವುದು ಸರಿಯಾಗಿ ಆ ಕೆಲಸವನ್ನೇ. ಕೆಲಸ ಕಳೆದುಕೊಂಡ ಕ್ಯಾಸಿಯೋನ ಪರವಾಗಿ ಡೆಸ್ಡಿಮೋನಾ ಗಂಡನಲ್ಲಿ ಮೊರೆಯಿಡುತ್ತಾಳೆ. ಅದು ಅವಳ ಒಳ್ಳೆಯತನ. ಆ ಒಳ್ಳೆಯತನವನ್ನೇ ಬಲೆಯಾಗಿ ಹೆಣೆಯುತ್ತೇನೆಂದು ಅವನು ನಮ್ಮೆದುರಿಗೇ ಹೇಳಿಕೊಳ್ಳುತ್ತಾನೆ.

ಗ್ರೀಕರ ದುರಂತಗಳಲ್ಲಿ ಹೀಗಿಲ್ಲ. ಯೂರಿಪಿಡೀಸನ ಮೀಡಿಯಾ (ಅದು ಕ್ರಿ.ಪೂ. 431ರ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆಯಿತು ಎನ್ನುವುದು ನಮ್ಮ ತೀರ್ಪುಗಾರರಿಗೆಲ್ಲ ಒಂದು ಸಮಾಧಾನ) ತನ್ನ ಮಕ್ಕಳನ್ನೇ ಕೊಲ್ಲುತ್ತಾಳೆ. ಆದರೆ ಅವಳ ಗಂಡ ನಿಜವಾಗಿಯೂ ಅವಳನ್ನು ಬಿಟ್ಟು ಕಾರಿಂಥ್‌ನ ಅರಸುಮಗಳನ್ನು ಕಟ್ಟಿಕೊಂಡಿದ್ದಾನೆ. ಸೊಫೊಕ್ಲೀಸನ ಡೀಯನೈರಾಳ ಮನೆಗೂ ಹೆರಾಕ್ಲಿಸ್ ಸೆರೆಯಾಳಾಗಿ ತಂದ ಎಳೆಯ ಹೆಣ್ಣೊಬ್ಬಳು ಕಾಲಿಟ್ಟಿದ್ದಾಳೆ. ವಶೀಕರಣದ ಮದ್ದೆಂದು ನಂಬಿ ಅವಳು ಗಂಡನ ಉಡುಗೆಗೆ ಸವರಿದ್ದು ವಿಷವಾಗಿತ್ತು. ಅಲ್ಲೆಲ್ಲ ಸವತಿ ಇದ್ದಾಳೆ, ಗಾಯ ನಿಜ. ಒಥೆಲೋ ನಾಟಕದಲ್ಲಿ ಗಾಯವೇ ಇಲ್ಲ, ಇರುವುದು ಮಾತು ಮಾತ್ರ. ಈ ದೃಷ್ಟಿಯಿಂದ ನಮಗೆ ಹತ್ತಿರದವಳು ಮಂಥರೆ. ವಾಲ್ಮೀಕಿಯಲ್ಲಿ ಕೈಕೇಯಿ ರಾಮನ ಪಟ್ಟಾಭಿಷೇಕದ ಸುದ್ದಿ ಕೇಳಿದೊಡನೆ ಹಿಗ್ಗಿ ಮಂಥರೆಗೆ ಆಭರಣವೊಂದನ್ನು ಉಡುಗೊರೆ ಕೊಡುತ್ತಾಳೆ. ಅಲ್ಲಿಯವರೆಗೂ ಆ ಹೆಣ್ಣಿನಲ್ಲಿ ಕಿಚ್ಚಿನ ಕಿಡಿ ಇರಲಿಲ್ಲ. ಆದರೆ ಮಂಥರೆಗೆ ತನ್ನ ಒಡತಿಯ ಮೇಲೆ ಮಮತೆಯಾದರೂ ಇತ್ತು, ಕುವೆಂಪು ಅದನ್ನು ಕಂಡು ಅವಳಿಗೆ ನ್ಯಾಯ ಒದಗಿಸಿದರು. ಇಯಾಗೋಗೆ ಯಾರ ಮೇಲೂ ಮಮತೆಯಿಲ್ಲ.

ಈ ನಾಟಕ ಕನ್ನಡಕ್ಕೆ ಹೊಸತಲ್ಲ. ಮೈಸೂರು ಅರಮನೆಯ ಆಸ್ಥಾನ ಕವಿಯಾಗಿದ್ದ ಬಸವಪ್ಪ ಶಾಸ್ತ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಇದನ್ನು 'ಶೂರಸೇನ ಚರಿತ್ರೆ'ಯಾಗಿ ಒಗ್ಗಿಸಿದ್ದರು. ನಮ್ಮ ಕಾಲದಲ್ಲಿ ನಿಸಾರ್ ಅಹಮದರು ಅನುವಾದಿಸಿದರು. ನಾನು ಮೂಲವನ್ನು ಸರಿಯಾಗಿ ಓದಿದ್ದು ಮಾತ್ರ 1980ರ ಬೇಸಗೆ ರಜೆಯಲ್ಲಿ. ಯಾಕೆ ಆಗ ಎಂಬುದನ್ನು ಮುಂದೆ ಹೇಳುತ್ತೇನೆ. ಮೂಲದಲ್ಲಿ ಎರಡು ಸಂಗತಿಗಳು ಕಣ್ಣಿಗೆ ಬಿದ್ದವು.

ಒಂದು, ಕರವಸ್ತ್ರದ್ದು. ಲ್ಯಾಂಬ್ ಅದನ್ನು ಇಯಾಗೋನ ಹೆಂಡತಿ ಕದ್ದಳೆಂದು ಬರೆದ. ಷೇಕ್ಸ್‌ಪಿಯರ್ ಕಥೆಯನ್ನು ಎತ್ತಿಕೊಂಡ ಚಿಂತಿಯೋನ 1565ರ ಇಟಾಲಿಯನ್ ಸಂಗ್ರಹದಲ್ಲಿ, ಡೆಸ್ಡಿಮೋನಾ ಮಗುವನ್ನು ಮುದ್ದಿಸುತ್ತಿರುವಾಗ ಆ ಖಳನೇ ಅವಳ ನಡುವಿನಿಂದ ಅದನ್ನು ಹಾರಿಸುತ್ತಾನೆ. ನಾಟಕದಲ್ಲಿ ನಡೆಯುವುದೇ ಬೇರೆ. ಗಂಡ ತಲೆನೋವು ಎನ್ನುತ್ತಾನೆ. ಅವಳು ಕರವಸ್ತ್ರದಿಂದ ಹಣೆಗೆ ಪಟ್ಟಿ ಕಟ್ಟಲು ಬರುತ್ತಾಳೆ. ಇದು ಸಾಲದು, ಚಿಕ್ಕದು ಎಂದು ಅವನೇ ಅದನ್ನು ಸರಿಸುತ್ತಾನೆ. ಅದು ನೆಲಕ್ಕೆ ಬೀಳುತ್ತದೆ. ಇಬ್ಬರೂ ನೋಡದೆ ಒಳಗೆ ಹೋಗುತ್ತಾರೆ. ಅವಳನ್ನು ಕೊಲ್ಲಲು ಕಾರಣವಾದ ಸಾಕ್ಷಿಯನ್ನು ನೆಲಕ್ಕೆ ಬೀಳಿಸಿದವನು ಅವನೇ! ಎಮಿಲಿಯಾ ಅದನ್ನು ಎತ್ತಿ ಗಂಡನಿಗೆ ಕೊಡುತ್ತಾಳೆ. ಆಮೇಲೆ ಡೆಸ್ಡಿಮೋನಾ ಕರವಸ್ತ್ರ ಎಲ್ಲಿ ಹೋಯಿತೆಂದು ಕೇಳಿದಾಗ, ತಿಳಿಯದು ಎಂದುಬಿಡುತ್ತಾಳೆ. ಒಳ್ಳೆಯ ಹೆಂಗಸಿನ ಒಂದೇ ಒಂದು ಸಣ್ಣ ಸುಳ್ಳು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಥಾಮಸ್ ರೈಮರ್ ಎಂಬ ವಿಮರ್ಶಕ, ಒಂದು ಕರವಸ್ತ್ರಕ್ಕಾಗಿ ಇಷ್ಟೆಲ್ಲ ರಂಪವೇ ಎಂದು ಗೇಲಿ ಮಾಡಿದ. ಅವನು ಶಾಲೆಯಲ್ಲಿ ಕೆಲಸ ಮಾಡಿದವನಲ್ಲವೆಂದು ಕಾಣುತ್ತದೆ. ಒಂದು ಕರವಸ್ತ್ರದಷ್ಟೂ ಇಲ್ಲದ ವಿಷಯಕ್ಕೆ ಸ್ಟಾಫ್ ರೂಮುಗಳು ವರ್ಷಗಟ್ಟಲೆ ಹೊತ್ತಿ ಉರಿದದ್ದನ್ನು ನಾನು ಕಂಡಿದ್ದೇನೆ.

ಎರಡನೆಯದು ಮೂರನೆಯ ಅಂಕದ ಆ ದೀರ್ಘ ದೃಶ್ಯ. ಒಥೆಲೋ ಬರುವುದನ್ನು ಕಂಡು, ನಾಚಿಕೆಯಿಂದ, ಕ್ಯಾಸಿಯೋ ಡೆಸ್ಡಿಮೋನಾಳ ಬಳಿಯಿಂದ ಹೊರಟುಹೋಗುತ್ತಾನೆ. ಇಯಾಗೋ ತನ್ನಷ್ಟಕ್ಕೆ ಗೊಣಗಿದಂತೆ, ಇದು ನನಗೆ ಹಿಡಿಸಲಿಲ್ಲ ಎಂಬರ್ಥದಲ್ಲಿ ಏನೋ ಅನ್ನುತ್ತಾನೆ. ಏನೆಂದೆ ಎಂದು ಒಥೆಲೋ ಕೇಳಿದರೆ ಏನೂ ಇಲ್ಲ ಎನ್ನುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ, ನಿಮ್ಮ ಪ್ರೇಮದ ವಿಷಯ ಕ್ಯಾಸಿಯೋನಿಗೆ ಮೊದಲೇ ಗೊತ್ತಿತ್ತೇ ಎಂದು ಸುಮ್ಮನೆ ವಿಚಾರಿಸುತ್ತಾನೆ. ಯಾಕೆ ಕೇಳಿದೆ ಎಂದರೆ, ಸುಮ್ಮನೆ ಎನ್ನುತ್ತಾನೆ. ಅವನು ಪ್ರಾಮಾಣಿಕನಲ್ಲವೇ ಎಂದು ಒಥೆಲೋ ಕೇಳಿದರೆ, ಪ್ರಾಮಾಣಿಕನೇ ಎಂದು ಅದೇ ಮಾತನ್ನು ಪ್ರಶ್ನೆಯಾಗಿ ಹಿಂತಿರುಗಿಸುತ್ತಾನೆ. ಕೊನೆಗೆ ಕ್ಯಾಸಿಯೋ ಪ್ರಾಮಾಣಿಕನೆಂದೇ ಆಣೆ ಮಾಡಿ ಹೇಳಬಲ್ಲೆ ಎಂದೂ ಅನ್ನುತ್ತಾನೆ. ದೃಶ್ಯದ ಈ ಭಾಗದಲ್ಲಿ ಅವನು ಆಡುವ ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಯಾವುದರ ಮೇಲೂ ದಾವೆ ಹೂಡಲು ಆಗುವುದಿಲ್ಲ. ವಿಷ ಇರುವುದು ಮಾತಿನಲ್ಲಲ್ಲ, ಮಾತುಗಳ ನಡುವಣ ಬಿಡುವಿನಲ್ಲಿ.

ಇನ್ನು ನನ್ನ ಕಥೆ.

ನಾನು ಆಗ ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯಲ್ಲಿ ವಾರ್ಷಿಕೋತ್ಸವದ ನಾಟಕವನ್ನು ಎಂಟು ವರ್ಷ ನಾನೇ ಆಡಿಸಿದ್ದೆ. 1979ರ ಜೂನಿನಲ್ಲಿ ಹೊಸ ಮೇಷ್ಟ್ರೊಬ್ಬರು ಬಂದರು. ನನಗಿಂತ ಆರು ವರ್ಷ ಚಿಕ್ಕವರು, ಇನ್ನೂ ಖಾಯಂ ಆಗಿರಲಿಲ್ಲ. ಸಮಾಜ ವಿಜ್ಞಾನ ಹೇಳುತ್ತಿದ್ದರು, ಹಾರ್ಮೋನಿಯಂ ನುಡಿಸುತ್ತಿದ್ದರು, ಮಕ್ಕಳನ್ನು ನಗಿಸುತ್ತಿದ್ದರು. ಎರಡೇ ತಿಂಗಳಲ್ಲಿ ಮಕ್ಕಳು ಅವರ ಹಿಂದೆ ಸುತ್ತತೊಡಗಿದರು. ಆ ವರ್ಷದ ನಾಟಕವನ್ನು ಹೆಡ್‌ಮಾಸ್ಟರು ಅವರಿಗೆ ವಹಿಸಿದರು. "ನೀವೂ ಸ್ವಲ್ಪ ವಿಶ್ರಾಂತಿ ತಗೊಳ್ಳಿ ಮೇಷ್ಟ್ರೇ" ಎಂದು ನನಗೆ ಪ್ರೀತಿಯಿಂದಲೇ ಹೇಳಿದರು. ನಾನೂ ನಗುತ್ತಲೇ ಒಪ್ಪಿದೆ.

'ಸತ್ಯ ಹರಿಶ್ಚಂದ್ರ'ದ ತಾಲೀಮು ಸಂಜೆ ಶುರುವಾದರೆ ಕತ್ತಲಾಗುವವರೆಗೂ ನಡೆಯುತ್ತಿತ್ತು. ನಾನು ನಾಟಕ ಆಡಿಸುತ್ತಿದ್ದಾಗ ಐದೂವರೆಗೆ ಸರಿಯಾಗಿ ಮಕ್ಕಳನ್ನು ಕಳುಹಿಸಿಬಿಡುತ್ತಿದ್ದೆ. ಅವರು ಹೇಗೆ ಮನೆ ಸೇರುತ್ತಾರೆಂದು ಒಂದು ದಿನವೂ ಯೋಚಿಸಿರಲಿಲ್ಲ. ಒಂದು ಸಂಜೆ ನಾನು ಅಂಗಡಿಯಿಂದ ಬರುವಾಗ ಆ ಮೇಷ್ಟ್ರು ಟಾರ್ಚ್ ಹಿಡಿದು ಹೆಣ್ಣುಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಅವರವರ ಮನೆಯ ಜಗುಲಿಯವರೆಗೆ ಬಿಟ್ಟು, ತಾಯಂದಿರಿಗೆ ನಮಸ್ಕಾರ ಹೇಳಿ ಮುಂದಕ್ಕೆ ಹೋಗುತ್ತಿದ್ದುದನ್ನು ಕಂಡೆ. ಹುಣಸೆಮರದ ಕೆಳಗೆ ಕತ್ತಲಲ್ಲಿ ನಿಂತು ಆ ಬೆಳಕು ಬೀದಿಯ ಕೊನೆ ಮುಟ್ಟುವವರೆಗೂ ನೋಡಿದೆ. ಆ ಹೊತ್ತು ನನ್ನ ಎದೆಯಲ್ಲಿ ಎದ್ದದ್ದನ್ನು ಮೆಚ್ಚುಗೆ ಎನ್ನಲಾರೆ.

ಅದಾದ ವಾರಕ್ಕೆ ಹೆಡ್‌ಮಾಸ್ಟರು ನನ್ನನ್ನು ಕೋಣೆಗೆ ಕರೆದರು. ಯಾರೋ ಪೋಷಕರು, ಕತ್ತಲಾದ ಮೇಲೂ ಹುಡುಗ ಹುಡುಗಿಯರನ್ನು ಇರಿಸಿಕೊಳ್ಳುತ್ತಾರೆಂದು ಗೊಣಗಿದ್ದರಂತೆ. "ನೀವು ಹಿರಿಯರು, ನಿಮ್ಮ ಮಾತು ನನಗೆ ಮುಖ್ಯ. ಮನುಷ್ಯ ಹೇಗೆ?" ಎಂದು ಕೇಳಿದರು.

ನಾನು ಕಂಡದ್ದನ್ನು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಟಾರ್ಚಿನ ವಿಷಯ, ಜಗುಲಿಯ ವಿಷಯ, ಎರಡು ವಾಕ್ಯ. ನಾನು ಮೇಜಿನ ಮೇಲಿನ ಕಾಗದದ ಗುಂಡನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ, "ಒಳ್ಳೆಯವರೇ ಸಾರ್..." ಎಂದೆ. ಮತ್ತೆ ಸ್ವಲ್ಪ ಹೊತ್ತು. "ಮಕ್ಕಳಿಗೆ ಅವರನ್ನು ಕಂಡರೆ ಬಹಳ ಸಲಿಗೆ." ಅವರು "ಅಂದರೆ?" ಎಂದರು. "ಏನೂ ಇಲ್ಲ ಸಾರ್. ನಾಟಕ ನನ್ನಿಂದ ಅವರಿಗೆ ಹೋಗಿದೆ. ನಾನು ಏನಾದರೂ ಹೇಳಿದರೆ ತಪ್ಪಾಗುತ್ತದೆ" ಎಂದೆ.

ನೋಡಿ, ಒಂದಾದರೂ ಸುಳ್ಳಿದೆಯೇ? ಅವರು ಒಳ್ಳೆಯವರು, ಮಕ್ಕಳಿಗೆ ಸಲಿಗೆ ಇತ್ತು, ನಾಟಕ ನನ್ನಿಂದ ಹೋಗಿತ್ತು. ಅಮರಕೋಶದ ಅರ್ಥಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಮೂವತ್ತೈದು ವರ್ಷದ ಪಾಠದಲ್ಲಿ ನಾನು ಕೊಡಲಿಲ್ಲ.

ಮರುದಿನವೇ ಸಂಜೆಯ ತಾಲೀಮು ನಿಂತಿತು. ಎರಡು ವಾರದ ಮೇಲೆ ನಾಟಕ ನನ್ನ ಕೈಗೆ ಮರಳಿತು. ಕೆಲಸದ ಹೊರೆ ಹೆಚ್ಚಾಗಿದೆಯೆಂದು ಅವರೇ ಬಿಟ್ಟುಕೊಟ್ಟರೆಂದು ನಿಮಗೆಲ್ಲ ಹೇಳಲಾಯಿತು. ಮಾರ್ಚಿನಲ್ಲಿ ಅವರನ್ನು ಮುಂದುವರಿಸಲಿಲ್ಲ. ಒಂದು ಕಬ್ಬಿಣದ ಪೆಟ್ಟಿಗೆ, ಆ ಹಾರ್ಮೋನಿಯಂ, ಇವನ್ನು ಬಸ್ಸಿನ ಮೇಲೆ ಏರಿಸಲು ನಾನೇ ಕೈಕೊಟ್ಟೆ.

ಸ್ಮಶಾನದ ದೃಶ್ಯದಲ್ಲಿ ಚಂದ್ರಮತಿ ಅಳುವುದನ್ನು ಕಂಡು ಅಂದು ಊರೆಲ್ಲ ಕಣ್ಣೊರೆಸಿಕೊಂಡಿತು. ಅದನ್ನು ಕಲಿಸಿದವರು ಅವರು. ಶಾಲು ಹೊದಿಸಿದ್ದು ನನಗೆ.

ಈಗ ಆ ಐದನೆಯ ಉತ್ತರ. ಇಯಾಗೋನಿಗೆ ಬಡ್ತಿ ಬೇಕಾಗಿತ್ತು, ಅದಕ್ಕೆ ಹಾಗೆ ಮಾಡಿದ ಎಂದು ಬರೆದರೆ ಅಂಕ ಸಿಗುತ್ತದೆ. ಆದರೆ ನಾನು ಹೇಳಿದ ಆ ಮೂರನೆಯ ಅಂಕದ ದೃಶ್ಯ ಹೇಗೆ ಮುಗಿಯುತ್ತದೆ ನೋಡಿ. ಒಥೆಲೋ ಮಂಡಿಯೂರಿ ಸೇಡಿನ ಶಪಥ ಮಾಡುತ್ತಾನೆ, ಇಯಾಗೋ ಪಕ್ಕದಲ್ಲಿ ಮಂಡಿಯೂರುತ್ತಾನೆ, ಒಥೆಲೋ ಆಗಲೇ ಅವನನ್ನು ತನ್ನ ಉಪನಾಯಕನನ್ನಾಗಿ ಮಾಡಿಕೊಳ್ಳುತ್ತಾನೆ. ಬಯಸಿದ ಹುದ್ದೆ ನಾಟಕದ ನಡುವೆಯೇ ಕೈಗೆ ಬಂತು. ಅವನು ನಿಲ್ಲಿಸಿದನೇ? ಇಲ್ಲ. ಐದನೆಯ ಅಂಕದಲ್ಲಿ ಕ್ಯಾಸಿಯೋನನ್ನು ಕೊಲ್ಲಿಸಲು ಕತ್ತಲಲ್ಲಿ ಕಾದು ನಿಂತಿರುವಾಗ ಅವನ ಬಾಯಿಂದ ನಿಜ ಹೊರಬೀಳುತ್ತದೆ. ಕ್ಯಾಸಿಯೋನ ದಿನನಿತ್ಯದ ಬದುಕಿನಲ್ಲೇ ಒಂದು ಸೊಗಸಿದೆ, ಅದರೆದುರು ತಾನು ಕುರೂಪಿಯಾಗಿಬಿಡುತ್ತೇನೆ ಎಂಬುದು ಅದರ ಭಾವ. ಹುದ್ದೆಯ ಮಾತೇ ಅಲ್ಲಿಲ್ಲ.

ನನಗೂ ನಾಟಕ ಮರಳಿತು, ಶಾಲು ಬಂತು. ಆದರೂ ಅವರು ಊರಿನಲ್ಲಿರುವವರೆಗೆ ಸಂಜೆ ಆ ಬೀದಿಯಲ್ಲಿ ನಡೆಯಲು ನನಗೆ ಆಗಲಿಲ್ಲ. ಆ ಬೇಸಗೆ ರಜೆಯಲ್ಲಿ, ಮಕ್ಕಳ ಕಥೆಯನ್ನು ಬಿಟ್ಟು ಮೂಲ ನಾಟಕವನ್ನು ಹುಡುಕಿ ಓದಿದ್ದು ಇದೇ ಕಾರಣಕ್ಕೆ. ನಾನು ಓದುತ್ತಿದ್ದುದು ಒಥೆಲೋನ ಪಾತ್ರವನ್ನಲ್ಲ.

ಇಷ್ಟೇ ಆಗಿದ್ದರೆ ಒಂದು ಹಳೆಯ ತಪ್ಪು ಎಂದು ಮುಚ್ಚಿಡಬಹುದಾಗಿತ್ತು. 1996ರಲ್ಲಿ ಎಸ್.ಎಸ್.ಎಲ್.ಸಿ. ಮೌಲ್ಯಮಾಪನಕ್ಕೆ ಹೋಗಿದ್ದೆ. ಊಟದ ಬಿಡುವಿನಲ್ಲಿ ಯಾರೋ ಹಿಂದಿನಿಂದ ಹೆಗಲ ಮೇಲೆ ಕೈಯಿಟ್ಟರು. ತಲೆ ನರೆತಿತ್ತು, ನಗು ಅದೇ. ಬೇರೆ ಜಿಲ್ಲೆಯ ಶಾಲೆಯೊಂದರಲ್ಲಿ ನೆಲೆ ನಿಂತಿದ್ದರು. ನನ್ನ ತಾಯಿಯವರನ್ನು ಹೆಸರು ಹಿಡಿದು ವಿಚಾರಿಸಿದರು. ಟೀ ಕುಡಿಯುತ್ತ, "ನಿಮಗೆ ಒಂದು ಮಾತು ಹೇಳಬೇಕು ಅಂತ ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ. ನಾನು ಹೊರಡುವಾಗ ಹೆಡ್‌ಮಾಸ್ಟರು ಹೇಳಿದರು, ಇಡೀ ಸ್ಟಾಫಿನಲ್ಲಿ ನನ್ನನ್ನು ಒಳ್ಳೆಯವರು ಅಂದವರು ನೀವೊಬ್ಬರೇ ಅಂತೆ. ನಾಟಕ ಹೋದ ಬೇಸರದಲ್ಲೂ ಹಾಗಂದಿರಿ. ಮರೆತಿಲ್ಲ" ಎಂದರು.

ಆ ನಾಟಕದಲ್ಲಿ ಪ್ರಾಮಾಣಿಕ ಎಂಬ ಪದ ನಾನಾ ರೂಪಗಳಲ್ಲಿ ಐವತ್ತರ ಆಸುಪಾಸು ಸಲ ಬರುತ್ತದೆ, ಎಷ್ಟೋ ಕಡೆ ಇಯಾಗೋನಿಗೇ ವಿಶೇಷಣವಾಗಿ. ಅದು ಬರೀ ನಾಟಕೀಯ ವ್ಯಂಗ್ಯವೆಂದು ಪಾಠ ಹೇಳಿದವನು ನಾನು.

ಗಂಟೆ ಬಾರಿಸಿತು. ಉತ್ತರಪತ್ರಿಕೆಗಳ ಕಟ್ಟು ಕಾಯುತ್ತಿತ್ತು. ಎಮಿಲಿಯಾ ಕೊನೆಯಲ್ಲಾದರೂ ಬಾಯಿ ಬಿಟ್ಟು, ಗಂಡನ ಕತ್ತಿಗೆ ಸಿಕ್ಕರೂ ಕರವಸ್ತ್ರದ ನಿಜ ಹೇಳಿಯೇ ಸತ್ತಳು. ಇಯಾಗೋ ಇನ್ನು ತಾನು ಒಂದು ಮಾತನ್ನೂ ಆಡುವುದಿಲ್ಲವೆಂದು ತುಟಿ ಬಿಗಿದುಕೊಂಡ. ನಾನು "ಅದೆಲ್ಲ ಯಾಕೆ ಈಗ, ಬಿಡಿ" ಎಂದೆ. ಅವರು ಅದನ್ನು ನನ್ನ ಸಂಕೋಚವೆಂದು ತಿಳಿದು ಇನ್ನೂ ಒಮ್ಮೆ ಕೈ ಹಿಡಿದು ಕುಲುಕಿದರು. ಆಮೇಲೆ ಅವರನ್ನು ನೋಡಿಲ್ಲ.

ಹರಿಶ್ಚಂದ್ರ ನಾಟಕದಲ್ಲಿ ಪಾತ್ರ ಮಾಡಿದ ನೀವು ಹನ್ನೊಂದು ಮಂದಿ. ಅವರಲ್ಲಿ ಏಳೆಂಟು ಮಂದಿಯಾದರೂ ಇದನ್ನು ಓದುತ್ತೀರಿ. ಆ ಮೇಷ್ಟ್ರು ಅರ್ಧದಲ್ಲಿ ಕೈ ಬಿಡಲಿಲ್ಲ. ಚಂದ್ರಮತಿಯಾಗಿದ್ದವಳಿಗೆ ಇದನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗೆ ಆಗಲಿಲ್ಲ, ಅದಕ್ಕೇ ಬರೆದೆ. ಮೊಮ್ಮಗಳು ಪರೀಕ್ಷೆಯಲ್ಲಿ ಆ ನಾಲ್ಕು ಅಂಶಗಳನ್ನೇ ಬರೆಯಲಿ, ಮೂರನೆಯ ಅಂಕದ ಕೊನೆಯ ಆ ಬಡ್ತಿಯನ್ನೂ ಒಂದು ಸಾಲಿನಲ್ಲಿ ಸೇರಿಸಲಿ.

ಅವರ ಈಗಿನ ಊರು, ವಿಳಾಸ ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ನನಗೆ ತಿಳಿಸಿ. ದೂರವಾಣಿ ಸಂಖ್ಯೆ ಬೇಡ, ವಿಳಾಸ ಸಾಕು. ಮೊಣಕಾಲು ಮೊದಲಿನಂತಿಲ್ಲ, ಆದರೆ ಬಸ್ಸು ಹತ್ತಬಲ್ಲೆ.